ತೊಟ್ಟೆ ಎಂದರೆ ಪ್ಲಾಸ್ಟಿಕ್ ಅಲ್ಲ

ಈ ಕೆಲಸಕ್ಕೆ ಮೊದಲು ಬೇಕಾದದ್ದು ಚಾ ಕುಡಿಯುವ ಶಕ್ತಿ. ತರಬೇತಿಯಲ್ಲಿ ಇದನ್ನು ಹೇಳುವುದಿಲ್ಲ. ಅಲ್ಲಿ ರಕ್ತದೊತ್ತಡ ನೋಡುವುದು, ಲಸಿಕೆಯನ್ನು ತಣ್ಣಗಿಡುವುದು, ಗರ್ಭಿಣಿಯ ಹೊಟ್ಟೆ ಅಳೆಯುವುದು ಇತ್ಯಾದಿ ಕಲಿಸುತ್ತಾರೆ. ಆದರೆ ಮನೆ ಮನೆಗೆ ಹೋಗುವ ಆರೋಗ್ಯ ಸಹಾಯಕಿ ಮೊದಲ ಮನೆಯಲ್ಲಿ ಚಾ ಬೇಡ ಎಂದರೆ ಎರಡನೆಯ ಮನೆಗೆ ಆ ಸುದ್ದಿ ಅವಳಿಗಿಂತ ಮೊದಲು ಮುಟ್ಟುತ್ತದೆ. ಆಮೇಲೆ ಯಾರೂ ತಮ್ಮ ಹೊಟ್ಟೆನೋವು, ಮುಟ್ಟು, ಗಂಡನ ಕುಡಿತ ಒಂದನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ಸಕ್ಕರೆ ಕಾಯಿಲೆ ಹಿಡಿಸಿಕೊಂಡು ನಿವೃತ್ತಳಾದ ನಾನು ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ.

ನಾನು ಬಂಟ್ವಾಳದವಳು. ಕನ್ಯಾನದಲ್ಲಿ ಕೆಲಸಕ್ಕೆ ಸೇರಿ, ನಡುವೆ ಮಿಜಾರಿನಲ್ಲಿದ್ದು, ಕೊನೆಗೆ ವೇಣೂರಿನಿಂದ ಒಳಗಿನ ಒಂದು ಉಪಕೇಂದ್ರದಲ್ಲಿ ಸೇವೆ ಮುಗಿಸಿದೆ. ಬಡ್ತಿಗಳು ಬಂದವು. ಆದೇಶದ ಪ್ರತಿಗಳು ಕಪಾಟಿನಲ್ಲಿವೆ, ನೋಡಬೇಕೆಂದು ಇದುವರೆಗೆ ಯಾರೂ ಕೇಳಿಲ್ಲ. ಸರಕಾರ ನಮ್ಮ ಹುದ್ದೆಯ ಹೆಸರನ್ನು ಆಗಾಗ ಬದಲಾಯಿಸುತ್ತಿತ್ತು. ಹೆಸರು ಉದ್ದವಾಗುತ್ತ ಹೋಯಿತು, ಕೆಲಸವೂ ಉದ್ದವಾಗುತ್ತ ಹೋಯಿತು. ಊರಿನವರು ಮಾತ್ರ ಮೊದಲ ದಿನದಿಂದ ಕೊನೆಯ ದಿನದವರೆಗೆ ನನ್ನನ್ನು ಕರೆದದ್ದು ‘ಬಾಯಮ್ಮ’ ಎಂದೇ. ಈ ಕಡೆ ನರ್ಸುಗಳೆಲ್ಲ ಬಾಯಮ್ಮಂದಿರೇ.

ಕನ್ಯಾನದಲ್ಲಿ ಕಲಿತ ಒಂದು ಪಾಠವನ್ನು ಮೊದಲು ಹೇಳಬೇಕು. ಒಮ್ಮೆ ಜಿಲ್ಲೆಯಿಂದ ಮೇಲಧಿಕಾರಿಯೊಬ್ಬರು ತಪಾಸಣೆಗೆ ಬಂದರು. ಒಂದು ಮನೆಯ ಜಗಲಿಯಲ್ಲಿ ನಿಂತು, ‘ಕುಡಿಯುವ ನೀರನ್ನು ಕುದಿಸಿ, ಆರಿಸಿ, ಸೋಸಿ ಕುಡಿಯುತ್ತೀರಾ?’ ಎಂದು ಕೇಳಿದರು. ಮನೆಯ ಹೆಂಗಸು ಕೈಕಟ್ಟಿ ನಿಂತು, ‘ಹೌದು ಸಾರ್, ಕುದಿಸಿ, ಆರಿಸಿ, ಸೋಸಿ ಕುಡಿಯುತ್ತೇವೆ’ ಎಂದಳು. ಅವರು ಸಂತೋಷಪಟ್ಟು ಬರೆದುಕೊಂಡರು. ಅಷ್ಟರಲ್ಲಿ ಅವಳ ಮಗ ಬಾವಿಯಿಂದ ಕೊಡಪಾನ ಎತ್ತಿ ಹಾಗೇ ಬಾಯಿಗೆ ಸುರಿದುಕೊಂಡ. ಅವರು ಹೋದ ಮೇಲೆ ನಾನು ತುಳುವಿನಲ್ಲಿ ಕೇಳಿದೆ. ‘ಅಯ್ಯೋ ಬಾಯಮ್ಮ, ಕುದಿಸಲಿಕ್ಕೆ ಪುರುಸೊತ್ತು ಯಾರಿಗುಂಟು?’ ಎಂದಳು. ನಮ್ಮಲ್ಲಿ ಕನ್ನಡ ಶಾಲೆಯ ಭಾಷೆ. ಕನ್ನಡದಲ್ಲಿ ಪ್ರಶ್ನೆ ಬಂದರೆ ಜನ ಪರೀಕ್ಷೆಗೆ ಉತ್ತರಿಸಿದ ಹಾಗೆ ಉತ್ತರಿಸುತ್ತಾರೆ. ನಿಜ ಬೇಕಿದ್ದರೆ ತುಳುವಿನಲ್ಲಿ ಕೇಳಬೇಕು, ಅದೂ ಚಾ ಅರ್ಧ ಮುಗಿದ ಮೇಲೆ.

ಹೊಸದಾಗಿ ಸೇರಿದ ಹುಡುಗಿಯರು ನನ್ನನ್ನು ನೋಡಲು ಬಂದಾಗ, ‘ನಿಮಗೆ ತುಂಬ ಕಷ್ಟವಾದ ಕೇಸು ಯಾವುದು ಮೇಡಂ?’ ಎಂದು ಕೇಳುತ್ತಾರೆ. ಹೊಳೆ ತುಂಬಿದಾಗ ದೋಣಿಯಲ್ಲಿ ಹೆರಿಗೆ ಮಾಡಿಸಿದ ಕತೆಯನ್ನು ನಿರೀಕ್ಷಿಸುತ್ತಾರೆ. ಅಂಥದ್ದೂ ಉಂಟು, ಆದರೆ ಹೆರಿಗೆ ಒಂದು ರಾತ್ರಿಯಲ್ಲಿ ಹೇಗೋ ಮುಗಿಯುತ್ತದೆ. ನನ್ನನ್ನು ಸೋಲಿಸಿದ್ದು ಹಾರ್ಮೋನು.

ಅದು ಶುರುವಾದದ್ದು ಡಾ. ಶಿವಕುಮಾರ್ ನಮ್ಮ ಆರೋಗ್ಯ ಕೇಂದ್ರಕ್ಕೆ ಬಂದ ಮೇಲೆ. ದಾವಣಗೆರೆ ಕಡೆಯವರು, ವಯಸ್ಸು ಚಿಕ್ಕದು, ಉತ್ಸಾಹ ದೊಡ್ಡದು. ನಮ್ಮ ಇಲಾಖೆಯಲ್ಲಿ ಇವೆರಡು ಒಬ್ಬರಲ್ಲೇ ಸೇರಿದರೆ ಕೆಳಗಿನವರಿಗೆ ನಿದ್ರೆ ಇರುವುದಿಲ್ಲ. ಅವರು ಎಲ್ಲಿಯೋ ಒಂದು ತರಬೇತಿ ಮುಗಿಸಿ ಬಂದವರೇ ನಮ್ಮನ್ನೆಲ್ಲ ಬೆಳ್ತಂಗಡಿಯಲ್ಲಿ ಒಟ್ಟುಗೂಡಿಸಿದರು. ಪರದೆಯ ಮೇಲೆ ಕುತ್ತಿಗೆಯ ಗ್ರಂಥಿ, ಮೆದುಳಿನ ಗ್ರಂಥಿ, ಅಂಡಾಶಯ, ಅವುಗಳ ನಡುವೆ ಬಣ್ಣಬಣ್ಣದ ಬಾಣಗಳು. ಊಟದ ನಂತರದ ಹೊತ್ತು. ನಮ್ಮಲ್ಲಿ ಹಲವರು ಕಣ್ಣು ತೆರೆದುಕೊಂಡೇ ಮಲಗಿದ್ದರು.

ಅವರು ಹೇಳಿದ್ದು ಇಷ್ಟು. ಪ್ಲಾಸ್ಟಿಕ್ ಗಟ್ಟಿಯಾಗಲು ಒಂದು ರಾಸಾಯನಿಕ ಬೇಕು, ಮೆತ್ತಗಾಗಲು ಇನ್ನೊಂದು, ಬಣ್ಣ ನಿಲ್ಲಲು ಮತ್ತೊಂದು. ಗಟ್ಟಿ ಮಾಡುವ ಬಿಸ್ಫಿನಾಲ್, ಮೆತ್ತಗೆ ಮಾಡುವ ಥಾಲೇಟ್ ಮುಂತಾದವು ಪ್ಲಾಸ್ಟಿಕ್‌ನೊಳಗೇ ಸುಮ್ಮನೆ ಕೂತಿರುವುದಿಲ್ಲ. ಬಿಸಿ, ಎಣ್ಣೆ, ಹುಳಿ ತಾಗಿದರೆ ಬಿಟ್ಟು ಹೊರಗೆ ಬರುತ್ತವೆ. ನಮ್ಮ ಸಾಂಬಾರಿನಲ್ಲಿ ಮೂರೂ ಉಂಟು. ಇದಲ್ಲದೆ ಪ್ಲಾಸ್ಟಿಕ್ ಸವೆದು ಕಣ್ಣಿಗೆ ಕಾಣದ ಹುಡಿಯಾಗಿ ನೀರಿನಲ್ಲಿ, ಉಪ್ಪಿನಲ್ಲಿ, ಉಸಿರಿನಲ್ಲಿ ಒಳಗೆ ಹೋಗುತ್ತದೆ. ಮನುಷ್ಯರ ರಕ್ತದಲ್ಲಿ ಸಿಕ್ಕಿದೆ, ಹೆರಿಗೆಯ ಮಾಸಿನಲ್ಲೂ ಸಿಕ್ಕಿದೆ ಎಂದರು. ಮಾಸು ಎಂದಾಗ ನನ್ನ ತೂಕಡಿಕೆ ಬಿಟ್ಟಿತು. ನಾನು ಎಷ್ಟೋ ಮಾಸುಗಳನ್ನು ಕೈಯಲ್ಲಿ ಹಿಡಿದು, ಪೂರ್ತಿ ಬಂದಿದೆಯೋ ಇಲ್ಲವೋ ಎಂದು ತಿರುಗಿಸಿ ನೋಡಿದವಳು.

‘ಅದರಿಂದ ಎಂತ ಆಗ್ತದೆ ಸರ್?’ ಎಂದು ಕೇಳಿದೆ.

‘ಪ್ರಾಣಿಗಳಲ್ಲಿ ನೋಡಿದಾರೆ ಸಿಸ್ಟರ್. ಥೈರಾಯ್ಡು ಏರುಪೇರಾಗುತ್ತೆ, ಗಂಡಿನಲ್ಲಿ ವೀರ್ಯ ಕಡಿಮೆ ಆಗುತ್ತೆ, ಹೆಣ್ಣುಮರಿ ಬೇಗ ಬೆದೆಗೆ ಬರುತ್ತೆ. ಮನುಷ್ಯರಲ್ಲೂ ಸಂಬಂಧ ಇರೋ ಹಾಗೆ ಕಾಣ್ತಿದೆ. ಎಷ್ಟು ಅಂತ ಇನ್ನೂ ಖಚಿತವಾಗಿ ಹೇಳೋಕಾಗಲ್ಲ.’

‘ಹಾಗಾದ್ರೆ ಜನರಿಗೆ ನಾವು ಎಂತ ಹೇಳುವುದು?’

‘ಕಡಿಮೆ ಮಾಡಿ ಅಂತ ಹೇಳೋಣ’ ಎಂದರು. ಪ್ರಾಮಾಣಿಕ ಮನುಷ್ಯ. ಆದರೆ ಖಚಿತವಿಲ್ಲದ್ದನ್ನು ಖಚಿತವಾಗಿ ಹೇಳಿಬರುವ ಕೆಲಸ ಬಾಯಮ್ಮನದ್ದು.

ಹಾರ್ಮೋನಿಗೆ ನಾನೇ ಒಂದು ವಿವರಣೆ ಮಾಡಿಕೊಂಡೆ. ಮದುವೆಮನೆಯಲ್ಲಿ ಊಟದ ಪಂಕ್ತಿಗೆ ಕರೆಯದವನೊಬ್ಬ ಬಂದು ಕೂತರೆ ಬಡಿಸುವವನು ಅವನಿಗೂ ಬಡಿಸುತ್ತಾನೆ. ನೀನು ಯಾರ ಕಡೆಯವನು ಎಂದು ಕೇಳುತ್ತಾ ಕೂತರೆ ಅನ್ನ ಆರುತ್ತದೆ. ಈ ರಾಸಾಯನಿಕಗಳದ್ದು ಇದೇ ಕೆಲಸ. ಹಾರ್ಮೋನು ಕೂರಬೇಕಾದ ಜಾಗದಲ್ಲಿ ಬಂದು ಕೂರುತ್ತವೆ, ಶರೀರ ಅವುಗಳಿಗೂ ಬಡಿಸುತ್ತದೆ, ಕೆಲವೊಮ್ಮೆ ನಿಜವಾದ ನೆಂಟ ಬಾಗಿಲಲ್ಲಿ ನಿಂತೇ ಇರುತ್ತಾನೆ. ಹೆಂಗಸರಿಗೆ ಇದು ಥಟ್ಟನೆ ಅರ್ಥವಾಯಿತು. ಒಬ್ಬಳು ಮಾತ್ರ ಹಾಗೆ ಬಂದು ಕೂರುವವನು ತನ್ನ ಭಾವನೇ ಎಂದು ಹೇಳಿ, ಇಡೀ ಸಭೆ ಆ ಭಾವನ ಕತೆಯಲ್ಲೇ ಮುಗಿಯಿತು.

ಆಮೇಲೆ ಸಮೀಕ್ಷೆ. ಈಗ ಎಲ್ಲ ಮೊಬೈಲಿನಲ್ಲಿ. ‘ಬಿಸಿ ಆಹಾರವನ್ನು ಪ್ಲಾಸ್ಟಿಕ್‌ನಲ್ಲಿ ಹಾಕುತ್ತೀರಾ?’ ಎಂದು ಪ್ರಶ್ನೆ, ಕೆಳಗೆ ಹೌದು, ಇಲ್ಲ ಎಂಬ ಎರಡೇ ಗುಂಡಿ. ಮೊದಲು ಕಾಗದವಿದ್ದಾಗ ಅಂಚಿನಲ್ಲಿ ಸಣ್ಣದಾಗಿ ನಿಜ ಬರೆಯಬಹುದಿತ್ತು. ಮೊಬೈಲಿಗೆ ಅಂಚು ಇಲ್ಲ. ನಮ್ಮ ಎಲ್ಲ ಹಳ್ಳಿಗಳಿಂದ ಬಂದ ಉತ್ತರ ಇಲ್ಲ, ಇಲ್ಲ, ಇಲ್ಲ. ಡಾಕ್ಟರಿಗೆ ಖುಷಿಯೋ ಖುಷಿ. ‘ನಿಮ್ಮ ಜನ ಎಷ್ಟು ಜಾಗೃತರು ಸಿಸ್ಟರ್! ಇದನ್ನ ಮೇಲಕ್ಕೆ ಕಳಿಸಬೇಕು’ ಎಂದರು.

ನನಗೆ ಮಾತ್ರ ಮಂಡೆಬಿಸಿ. ಏಕೆಂದರೆ ‘ಇಲ್ಲ’ ಎಂದು ಹೇಳಿದವಳೊಬ್ಬಳ ಕೈಯಲ್ಲೇ ನಾನು ಹೊಗೆಯಾಡುವ ಸಾಂಬಾರಿನ ಪೊಟ್ಟಣ ನೋಡಿದ್ದೆ. ಮರುದಿನ ಅವಳ ಮನೆಗೆ ಹೋಗಿ, ಚಾ ಅರ್ಧ ಮುಗಿಸಿ, ಕೇಳಿದೆ.

‘ನಿನ್ನೆ ಕೈಯಲ್ಲಿ ಇದ್ದದ್ದು ಎಂತ ಮಾರಾಯ್ತಿ?’

‘ಸಾಂಬಾರು, ಹೋಟ್ಲಿನದ್ದು.’

‘ಎಂತದರಲ್ಲಿ ಕಟ್ಟಿದ್ದು?’

‘ತೊಟ್ಟೆಯಲ್ಲಿ.’

‘ಮತ್ತೆ ಪ್ಲಾಸ್ಟಿಕ್ ಇಲ್ಲ ಅಂತ ಹೇಳಿದ್ದು?’

ಅವಳು ನನ್ನನ್ನೇ ಪಾಪ ಎಂಬಂತೆ ನೋಡಿದಳು. ‘ಪ್ಲಾಸ್ಟಿಕ್ ಅಂದ್ರೆ ಬಕೆಟು, ಕುರ್ಚಿ, ಅದೆಲ್ಲ ಅಲ್ವಾ ಬಾಯಮ್ಮ? ಇದು ತೊಟ್ಟೆ!’

ಹೌದು. ನಮ್ಮ ಕಡೆ ತೆಳ್ಳಗಿನ ಚೀಲಕ್ಕೆ, ಪೊಟ್ಟಣಕ್ಕೆ ತೊಟ್ಟೆ ಎನ್ನುತ್ತಾರೆ. ಹಾಲು ಬರುವುದು ತೊಟ್ಟೆಯಲ್ಲಿ, ಮೀನು ಬರುವುದು ತೊಟ್ಟೆಯಲ್ಲಿ, ಬಿಸಿ ಚಾ ಸಹ ತೋಟದ ಕೆಲಸದವರಿಗೆ ಹೋಗುವುದು ತೊಟ್ಟೆಯಲ್ಲಿ. ಯಾರ ಮನಸ್ಸಿನಲ್ಲಿಯೂ ಅದು ಪ್ಲಾಸ್ಟಿಕ್ ಅಲ್ಲ. ಆ ಹೆಂಗಸು ಸುಳ್ಳು ಹೇಳಿರಲಿಲ್ಲ. ನಾನು ಪ್ರಶ್ನೆ ಬದಲಾಯಿಸಿ ಕೇಳುತ್ತ ಹೋದೆ. ಎಲ್ಲ ‘ಇಲ್ಲ’ಗಳೂ ‘ಹೌದು’ ಆದವು. ಡಾಕ್ಟರಿಗೆ ಹೋಗಿ ಹೇಳಿದೆ. ಅವರು, ‘ಹಾಗಾದ್ರೆ ಕರಪತ್ರ ಮಾಡಿಸೋಣ. ನಿಮ್ಮೂರಿನ ಪದಾನೇ ಹಾಕ್ಸೋಣ’ ಎಂದರು. ನನ್ನನ್ನು ಕೇಳದೆ ಮೂಡಬಿದಿರೆಯ ಒಂದು ಮುದ್ರಣಾಲಯಕ್ಕೆ ಫೋನಿನಲ್ಲೇ ಒಕ್ಕಣೆ ಹೇಳಿದರು.

ಕರಪತ್ರದ ಕಟ್ಟು ಬಂತು. ಹಳದಿ ಕಾಗದ, ದಪ್ಪ ಅಕ್ಷರ: ‘ಬಿಸಿ ಆಹಾರವನ್ನು ಕೊಟ್ಟೆಯಲ್ಲಿ ಹಾಕಬೇಡಿ! ಕೊಟ್ಟೆ ಬಳಕೆಯಿಂದ ಹಾರ್ಮೋನುಗಳಿಗೆ ತೊಂದರೆ!’

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೊಟ್ಟೆ ಎಂದರೆ ಹಲಸಿನ ಎಲೆಯನ್ನು ಕಡ್ಡಿಯಿಂದ ಚುಚ್ಚಿ ಮಾಡುವ ಲೋಟ. ಅದರಲ್ಲಿ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸಿದರೆ ಕೊಟ್ಟೆ ಕಡುಬು. ಒಂದು ಅಕ್ಷರ ತಪ್ಪಿ, ಮನುಷ್ಯ ಕಂಡುಹಿಡಿದ ಅತ್ಯಂತ ನಿರುಪದ್ರವಿ ಪಾತ್ರೆಯನ್ನು ನಮ್ಮ ಇಲಾಖೆ ನಿಷೇಧಿಸಿತ್ತು. ಡಾಕ್ಟರು ಕರಡು ನೋಡಿಯೇ ಒಪ್ಪಿದ್ದರು. ಅವರಿಗೆ ತೊಟ್ಟೆಯೂ ಅಷ್ಟೇ, ಕೊಟ್ಟೆಯೂ ಅಷ್ಟೇ. ಕಟ್ಟು ನನ್ನ ಕಣ್ಣಿಗೆ ಬೀಳುವಷ್ಟರಲ್ಲಿ ಅರ್ಧ ಊರಿಗೆ ಹಂಚಿಯಾಗಿತ್ತು, ಅದೂ ಕೃಷ್ಣಾಷ್ಟಮಿಯ ಮುಂಚಿನ ವಾರ, ಮನೆ ಮನೆಯಲ್ಲಿ ಕೊಟ್ಟೆ ಕಟ್ಟುವ ಸಮಯ. ಸಂತೆಯಲ್ಲಿ ಎಲೆ ಮಾರುವ ಹೆಂಗಸು ನನ್ನನ್ನು ಕಂಡು, ‘ಹಲಸಿನ ಎಲೆಯಲ್ಲಿ ಎಂತ ಹಾರ್ಮೋನು ಉಂಟು ಬಾಯಮ್ಮ? ನಿಮಗೆ ಮಂಡೆ ಸರಿ ಉಂಟಾ?’ ಎಂದು ನಾಲ್ಕು ಜನ ತಿರುಗಿ ನೋಡುವ ಹಾಗೆ ಕೇಳಿದಳು. ಉಳಿದ ಕರಪತ್ರಗಳಲ್ಲಿ ನಾವು ಕೂತು ಪೆನ್ನಿನಿಂದ ‘ಕೊ’ ಅಳಿಸಿ ‘ತೊ’ ಬರೆದೆವು. ಡಾಕ್ಟರೂ ಬರೆದರು. ಅವರ ಅಕ್ಷರ ಔಷಧಿ ಚೀಟಿಯ ಅಕ್ಷರ. ಅವರು ತಿದ್ದಿದ್ದನ್ನು ಕೆಲವರು ‘ಬೊಟ್ಟೆ’ ಎಂದು ಓದಿದರಂತೆ.

ಆ ಕರಪತ್ರವನ್ನು ನಂಬಿ ಕೊಟ್ಟೆ ಕಡುಬು ನಿಲ್ಲಿಸಿದವರಲ್ಲಿ ಗಿರಿಜಕ್ಕ ಒಬ್ಬರು. ವೇಣೂರಿನ ಬಸ್ಸು ನಿಲ್ಲುವಲ್ಲಿ ಅವರದ್ದೊಂದು ಸಣ್ಣ ಹೋಟೆಲು. ಮಗ ಬಸ್ ಕಂಡಕ್ಟರು. ಬಸ್ಸಿನಲ್ಲಿ ಇಡೀ ದಿನ ಕೂಗುವವನು ಮನೆಯಲ್ಲಿ ಬಾಯಿ ತೆರೆಯುತ್ತಿರಲಿಲ್ಲ. ಹೋಟೆಲು ನಡೆಸುತ್ತಿದ್ದದ್ದು ಗಿರಿಜಕ್ಕ ಮತ್ತು ಸೊಸೆ ಹೇಮಾವತಿ. ತಪ್ಪು ತಿಳಿದ ಮೇಲೆ ನಾನೇ ಹೋಗಿ ಹೇಳಿದೆ: ‘ಎಲೆಯಲ್ಲಿ ಎಂತದೂ ಇಲ್ಲ ಗಿರಿಜಕ್ಕ, ಬಿಡಬೇಕಾದ್ದು ತೊಟ್ಟೆ.’ ಅವರು ಮರುಮಾತಿಲ್ಲದೆ ತೊಟ್ಟೆ ಬಿಟ್ಟರು. ನಾವು ಹೇಳಿದ್ದನ್ನು ಅಕ್ಷರಶಃ ಮಾಡಿದ ಒಬ್ಬರೇ ಒಬ್ಬರು ಎಂದರೆ ಅವರು. ಪಾತ್ರೆ ತಂದವರಿಗೆ ಮಾತ್ರ ಸಾಂಬಾರು. ಪಾತ್ರೆ ಇಲ್ಲದೆ ಬಂದವರಿಗೆ, ‘ಕೈಯೊಡ್ಡಿ, ಹೊಯ್ಯುತ್ತೇನೆ’ ಎನ್ನುತ್ತಿದ್ದರು. ವ್ಯಾಪಾರ ಇಳಿಯಿತು. ನಾನು ಅವರನ್ನು ಎಲ್ಲ ಸಭೆಗಳಲ್ಲಿ ಹೊಗಳುತ್ತಿದ್ದೆ.

ಹೀಗಿರುವಾಗ ಒಂದು ಮಧ್ಯಾಹ್ನ ಹೇಮಾವತಿ ತನ್ನ ಮಗಳು ಧನ್ಯಾಳ ಕೈಹಿಡಿದುಕೊಂಡು ಉಪಕೇಂದ್ರಕ್ಕೆ ಬಂದಳು. ಬಾಗಿಲು ಹಾಕಿಕೊಳ್ಳಬಹುದಾ ಎಂದು ಕೇಳಿದಳು. ಮಗು ಎರಡನೇ ಕ್ಲಾಸು. ಮುಂದಿನ ಹಲ್ಲು ಬಿದ್ದು ಹೊಸದು ಅರ್ಧ ಬಂದಿತ್ತು. ಹನ್ನೊಂದು ಹನ್ನೆರಡರಲ್ಲಿ ಕಾಣಬೇಕಾದ ಮೈಯ ಬದಲಾವಣೆ ಆ ಮಗುವಿನಲ್ಲಿ ಆಗಲೇ ಶುರುವಾಗಿತ್ತು. ಎತ್ತರವೂ ಒಮ್ಮೆಲೇ ಏರಿತ್ತು.

‘ಅಂಗಿ ಬಿಗಿಯಾಗ್ತದೆ ಅಂತ ಶಾಲೆಗೆ ಹೋಗಲಿಕ್ಕೆ ಕೇಳುವುದಿಲ್ಲ ಬಾಯಮ್ಮ. ಅತ್ತೆಯವರಿಗೆ ಗೊತ್ತಾಗಿದೆ. ಅವರದ್ದು ಬೇರೆಯೇ ಲೆಕ್ಕಾಚಾರ ನಡೀತಾ ಉಂಟು’ ಎಂದಳು. ಅವಳ ಕಣ್ಣು ಕೆಂಪಾಗಿತ್ತು.

ಗಿರಿಜಕ್ಕನ ಲೆಕ್ಕಾಚಾರ ಶಾಸ್ತ್ರದ್ದು. ಹುಡುಗಿ ಮೈನೆರೆಯುವುದಕ್ಕೆ ಕನ್ನಡದಲ್ಲಿ ದೊಡ್ಡವಳಾದಳು ಎನ್ನುತ್ತೇವೆ. ತುಳುವಿನಲ್ಲಿ ಹೇಳುವ ಮಾತಿಗೆ ಮದುಮಗಳಾದಳು ಎಂದೇ ಅರ್ಥ. ಸಂಜೆ ನಾನು ಹೋಟೆಲಿಗೆ ಹೋದಾಗ ಅವರು, ‘ಬರುವುದು ಬರಲಿ. ನಾಳೆ ಅವಳು ದೊಡ್ಡವಳಾದ್ರೆ ಹೆಂಗಸರನ್ನು ಕರೆದು ಆರತಿ ಮಾಡಿ ಕೂರಿಸುವ. ಮುಚ್ಚಿಡ್ಲಿಕ್ಕೆ ಇದೇನು ಕದ್ದ ಮಾಲಾ?’ ಎಂದರು.

‘ಗಿರಿಜಕ್ಕ, ಅವಳಿಗೆ ಇನ್ನೂ ಎರಡರ ಮಗ್ಗಿ ತಪ್ಪುತ್ತದೆ. ಮೂರನೇ ಕ್ಲಾಸಿನಲ್ಲಿ ಮುಟ್ಟಾದರೆ ಶಾಲೆಯಲ್ಲಿ ಬಟ್ಟೆ ಯಾರು ಬದಲಾಯಿಸಿಕೊಡುವುದು? ನೀವಾ, ಮಾಷ್ಟ್ರಾ?’ ಎಂದೆ. ಅವರು ಒಲೆಯ ಕಡೆ ತಿರುಗಿದರು.

ಹೇಮಾವತಿಯನ್ನೂ ಮಗುವನ್ನೂ ನಾನೇ ಮಂಗಳೂರಿಗೆ, ಹಾರ್ಮೋನಿನ ವಿಶೇಷ ತಜ್ಞೆಯೊಬ್ಬರ ಬಳಿಗೆ ಕರೆದುಕೊಂಡು ಹೋದೆ. ರಕ್ತ ಪರೀಕ್ಷೆ, ತಲೆಯ ಸ್ಕ್ಯಾನ್, ಎಡಗೈಯ ಎಕ್ಸ್‌ರೇ ಎಲ್ಲ ಆಯಿತು. ಗಡ್ಡೆ ಗಿಡ್ಡೆ ಏನೂ ಇರಲಿಲ್ಲ. ಆದರೆ ಮೂಳೆಯ ವಯಸ್ಸು ಮಗುವಿನ ವಯಸ್ಸಿಗಿಂತ ಬಹಳ ಮುಂದೆ ಹೋಗಿತ್ತು. ಹೀಗೇ ಬಿಟ್ಟರೆ ಬೇಗ ಮುಟ್ಟು ಶುರುವಾಗುತ್ತದೆ, ಮೂಳೆಯ ತುದಿಗಳು ಬೇಗ ಕೂಡಿಕೊಂಡು ಎತ್ತರ ಅಲ್ಲಿಗೇ ನಿಲ್ಲುತ್ತದೆ ಎಂದರು. ಇದನ್ನು ತಡೆಯುವ ಇಂಜೆಕ್ಷನ್ ಉಂಟು, ತಿಂಗಳಿಗೊಂದು, ಹನ್ನೊಂದರ ಆಸುಪಾಸಿನವರೆಗೆ. ಆಮೇಲೆ ನಿಲ್ಲಿಸಿದರೆ ಶರೀರ ತನ್ನಷ್ಟಕ್ಕೇ ಮುಂದುವರಿಯುತ್ತದೆ. ಬೇಗ ಶುರು ಮಾಡಿದಷ್ಟೂ ಒಳ್ಳೆಯದು.

ಹೇಮಾವತಿ ಕೇಳಿಯೇ ಕೇಳಿದಳು: ‘ಇದು ತೊಟ್ಟೆಯಿಂದ ಆದದ್ದಾ ಡಾಕ್ಟ್ರೇ?’

‘ಒಂದು ಮಗುವನ್ನು ನೋಡಿ ಇದರಿಂದಲೇ ಆಯಿತು ಅಂತ ಹೇಳಲಿಕ್ಕೆ ಆಗುವುದಿಲ್ಲ’ ಎಂದರು ಅವರು. ‘ಅಲ್ಲವೇ ಅಲ್ಲ ಅಂತಲೂ ಹೇಳಲಿಕ್ಕೆ ಆಗುವುದಿಲ್ಲ. ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ ಕಾರಣ ಸಿಗುವುದೇ ಇಲ್ಲ. ಪ್ಲಾಸ್ಟಿಕ್ ಕಡಿಮೆ ಮಾಡಿ, ಅದು ಎಲ್ಲರಿಗೂ ಒಳ್ಳೆಯದು. ಆದರೆ ಕಾರಣ ಹುಡುಕುತ್ತಾ ಇಂಜೆಕ್ಷನ್ ತಡ ಮಾಡಬೇಡಿ.’

ನಾವು ಬಸ್ಸು ಹತ್ತಿ ಬಂದೆವು. ಮಗು ನನ್ನ ಹೆಗಲಿಗೆ ಒರಗಿ ನಿದ್ದೆ ಹೋಗಿತ್ತು. ಇನ್ನು ಎಲ್ಲ ಸುಲಭ ಎಂದುಕೊಂಡೆ. ಮನೆಯಲ್ಲಿ ಗಿರಿಜಕ್ಕ ಎಲ್ಲವನ್ನೂ ಕೇಳಿ, ‘ಇಂಜೆಕ್ಷನ್ ಬೇಡ’ ಎಂದರು.

‘ಯಾಕೆ?’

‘ಸಿರಿಂಜು ಎಂತದರದ್ದು?’

ನಾನು ಯೋಚಿಸದೆ, ‘ಪ್ಲಾಸ್ಟಿಕ್‌ನದ್ದು’ ಎಂದೆ.

‘ಹಾಂ! ಪ್ಲಾಸ್ಟಿಕ್ ತಾಗಿದ್ರೆ ಹಾರ್ಮೋನು ಲಗಾಡಿ ಹೋಗ್ತದೆ ಅಂತ ಊರಿಡೀ ಹೇಳಿದ್ದು ಯಾರು? ನೀವು. ಸಾಂಬಾರಿಗೆ ತಾಗಬಾರದ್ದು ಮಗುವಿನ ರಕ್ತಕ್ಕೆ ತಾಗಬಹುದಾ? ತಿಂಗಳು ತಿಂಗಳು?’

ನಾನು ಹೇಳಿದೆ, ಸಿರಿಂಜಿನಲ್ಲಿ ಮದ್ದು ಇರುವುದು ಒಂದು ಗಳಿಗೆ, ಅದು ಬಿಸಿಯಲ್ಲ, ಅದರಲ್ಲಿ ಎಣ್ಣೆ ಹುಳಿ ಇಲ್ಲ, ಅದು ಸಾಂಬಾರಲ್ಲ. ಅವರು ತಲೆ ಅಲ್ಲಾಡಿಸಿದರು. ‘ಮತ್ತೆ ಬಂದದ್ದನ್ನು ತಡೆಯುವುದು ಅಂದ್ರೆ? ಮುಂದೆ ಅವಳಿಗೆ ಮಕ್ಕಳಾಗದಿದ್ರೆ? ದಮ್ಮಯ್ಯ ಬಾಯಮ್ಮ, ನಾವು ಇಷ್ಟು ದಿನ ನೀವು ಹೇಳಿದ್ದು ಎಲ್ಲ ಕೇಳಿದ್ದೇವೆ. ಇದೊಂದು ಬೇಡ’ ಎಂದರು. ಹೇಮಾವತಿ ಅಡುಗೆಮನೆಯಲ್ಲಿ ಅಳುತ್ತಿದ್ದಳು. ಕಂಡಕ್ಟರು ಚಾವಣಿ ನೋಡುತ್ತಿದ್ದ. ನನಗೆ ಕೆಟ್ಟ ಸಿಟ್ಟು ಬಂತು, ಅದು ಅವರ ಮೇಲೋ ಹಳದಿ ಕರಪತ್ರದ ಮೇಲೋ ತಿಳಿಯಲಿಲ್ಲ. ನಮ್ಮ ಮಾತನ್ನು ಕೇಳದ ಜನರ ಬಗ್ಗೆ ಎಷ್ಟೋ ದೂರಿದ್ದೇನೆ. ಪೂರ್ತಿ ಕೇಳುವವರು ಸಿಕ್ಕಿದರೆ ಏನಾಗುತ್ತದೆ ಎಂದು ಅವತ್ತು ಗೊತ್ತಾಯಿತು.

ಎರಡು ವಾರ ಹಾಗೇ ಹೋಯಿತು. ನಾನು ದಿನವೂ ಚಾ ಕುಡಿಯುವ ನೆಪದಲ್ಲಿ ಹೋಗುತ್ತಿದ್ದೆ. ಗಿರಿಜಕ್ಕ ಚಾ ಕೊಡುತ್ತಿದ್ದರು, ಮಾತು ಕೊಡುತ್ತಿರಲಿಲ್ಲ. ಕೊನೆಗೊಂದು ದಿನ ಬಾಯಿಬಿಟ್ಟರು: ‘ಮೊದಲು ನೀವು ಗಾಜಿನ ಸಿರಿಂಜಿನಲ್ಲಿ ಕೊಡ್ತಾ ಇದ್ದದ್ದು ನೆನಪುಂಟು. ನೀರಿನಲ್ಲಿ ಕುದಿಸಿ. ಅದರಲ್ಲಿ ಕೊಡುವುದಾದ್ರೆ ಕೊಡಿ.’

ಡಾಕ್ಟರಿಗೆ ಹೇಳಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು, ‘ಹಳೇದು ಒಂದಾದ್ರೂ ಉಳಿದಿದೆಯಾ ಸಿಸ್ಟರ್?’ ಎಂದು ಕೇಳಿದರು. ಉಪಕೇಂದ್ರದ ಅಟ್ಟದಲ್ಲಿ, ತುಕ್ಕು ಹಿಡಿದ ಪೆಟ್ಟಿಗೆಯಲ್ಲಿ ಒಂದು ಸಿಕ್ಕಿತು, ಸೂಜಿಯ ಸಮೇತ. ಡಾಕ್ಟರು ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ಜೊತೆ ಹೋಟೆಲಿಗೆ ಬಂದರು. ಒಂದು ಪ್ಲೇಟು ಬನ್ಸ್ ತಿಂದರು. ಆಮೇಲೆ ಮೇಜಿನ ಮೇಲೆ ಒಂದು ಕಡೆ ಈಗಿನ ಸಿರಿಂಜು, ಇನ್ನೊಂದು ಕಡೆ ಗಾಜಿನದ್ದು ಇಟ್ಟರು.

‘ಅಜ್ಜಿ, ನೀವು ಯಾವುದನ್ನ ಹೇಳ್ತೀರೋ ಅದರಲ್ಲೇ ಕೊಡಿಸೋಣ. ನೋಡ್ಕೊಳ್ರಿ’ ಎಂದರು.

ನಿಜ ಹೇಳುವುದಾದರೆ ಅದರಲ್ಲಿ ಕೊಡುವ ಧೈರ್ಯ ಅವರಿಗೂ ಇರಲಿಲ್ಲ. ಆ ಕಾಲದ ಸೂಜಿ ಎಂದರೆ ಗೋಣಿ ಹೊಲಿಯುವ ದಬ್ಬಣಕ್ಕಿಂತ ಸ್ವಲ್ಪ ಸಣ್ಣದು. ಮೊಂಡಾದರೆ ಕಲ್ಲಿಗೆ ತಿಕ್ಕಿ ಹರಿತ ಮಾಡಿ ಇನ್ನೊಬ್ಬರಿಗೆ ಚುಚ್ಚುತ್ತಿದ್ದೆವು. ಗಿರಿಜಕ್ಕ ಅದನ್ನು ಕೈಯಲ್ಲಿ ಎತ್ತಿ ಹಿಡಿದು ನೋಡಿದರು. ಬಾಗಿಲ ಬಳಿ ನಿಂತು ನೋಡುತ್ತಿದ್ದ ಮಗುವಿನ ತೋಳನ್ನು ನೋಡಿದರು. ‘ಇದನ್ನು ಮಗುವಿಗೆ ಚುಚ್ಚುವುದಾ? ಮನುಷ್ಯರಾ ನೀವು?’ ಎಂದು ಡಾಕ್ಟರನ್ನೇ ಗದರಿಸಿದರು. ಸೂಜಿಯನ್ನು ಅತ್ತ ನೂಕಿ, ‘ಆ ಸಣ್ಣದೇ ಇರಲಿ’ ಎಂದರು.

ಡಾಕ್ಟರು ಮುಖದಲ್ಲಿ ನಗು ತೋರಿಸಲಿಲ್ಲ. ಮಕ್ಕಳಾಗುವುದಕ್ಕೆ ಇದರಿಂದ ಅಡ್ಡಿಯಿಲ್ಲ ಎಂದು ಬಿಡಿಸಿ ಹೇಳಿದರು. ಹೊರಗೆ ಬಂದ ಮೇಲೆ ಬೈಕಿಗೆ ಒರಗಿ ಬೆವರು ಒರೆಸಿಕೊಂಡು, ‘ಗಾಜಿಂದೇ ಇರಲಿ ಅಂದಿದ್ರೆ ಏನ್ಮಾಡ್ತಿದ್ವಿ ಸಿಸ್ಟರ್?’ ಎಂದು ಕೇಳಿದರು.

ಇಂಜೆಕ್ಷನ್ ಶುರುವಾಯಿತು. ಪ್ರತಿ ಸಲ ಮಗುವನ್ನು ಕರೆದುಕೊಂಡು ಬರುತ್ತಿದ್ದದ್ದು ಗಿರಿಜಕ್ಕನೇ, ಹೇಮಾವತಿಗೆ ಬಿಡುತ್ತಿರಲಿಲ್ಲ. ಬೆಂಚಿನಲ್ಲಿ ಸೆಟೆದು ಕೂತು ನನ್ನ ಕೈಯನ್ನೇ ನೋಡುತ್ತಿದ್ದರು. ಇನ್ನೂ ಪ್ಲಾಸ್ಟಿಕ್‌ನ ಸಂಶಯ ಇರಬೇಕು ಎಂದುಕೊಂಡು ನಾನು ನನ್ನ ಕೆಲಸ ಮುಗಿಸುತ್ತಿದ್ದೆ. ಮೈಯ ಬದಲಾವಣೆ ನಿಂತಿತು. ಮಗು ಶಾಲೆಗೆ ಹೋಗತೊಡಗಿತು. ಡಾಕ್ಟರಿಗೆ ವರ್ಗವಾಯಿತು. ನಾನು ನಿವೃತ್ತಳಾದೆ. ಬೀಳ್ಕೊಡುಗೆಯಲ್ಲಿ ಕೊಟ್ಟ ಶಾಲು, ಹಣ್ಣಿನ ಬುಟ್ಟಿ, ಗಡಿಯಾರ ಮೂರನ್ನೂ ಹೊಳೆಯುವ ತೊಟ್ಟೆಯಲ್ಲಿ ಸುತ್ತಿದ್ದರು. ನಾನು ಅಲ್ಲಿಯೂ ಕರಪತ್ರದ ಮಾತು ಎತ್ತಬಹುದು ಎಂದು ಹೆದರಿ ಭಾಷಣಕ್ಕೆ ಎರಡೇ ನಿಮಿಷ ಕೊಟ್ಟರು.

ಕಳೆದ ವರ್ಷ ಧನ್ಯಾ ತಾಯಿಯ ಜೊತೆ ಬಂಟ್ವಾಳಕ್ಕೆ ನನ್ನ ಮನೆಗೆ ಬಂದಳು. ಏಳನೇ ಕ್ಲಾಸು, ನನ್ನಷ್ಟೇ ಎತ್ತರ. ಇಂಜೆಕ್ಷನ್ ನಿಲ್ಲಿಸಿ ವರ್ಷ ಕಳೆದಿತ್ತು. ಹೇಮಾವತಿ, ‘ಮೊನ್ನೆ ದೊಡ್ಡವಳಾದಳು ಬಾಯಮ್ಮ. ಸರಿಯಾದ ಪ್ರಾಯಕ್ಕೆ’ ಎಂದಳು. ನನಗೆ ಕಣ್ಣು ತುಂಬಿ ಬಂತು. ನಾನು ಅಳುವವಳಲ್ಲ, ಆದರೆ ಅವತ್ತು ಅತ್ತೆ. ಶಾಸ್ತ್ರ ಮಾಡಿದಿರಾ ಎಂದು ಕೇಳಿದೆ. ಅತ್ತೆಯವರೇ ಬೇಡ ಎಂದರು ಎಂದಳು.

ಹೇಮಾವತಿ ಕೈಕಾಲು ತೊಳೆಯಲು ಒಳಗೆ ಹೋದಾಗ ಧನ್ಯಾ ಕೇಳಿದಳು: ‘ಬಾಯಮ್ಮ, ನನಗೆ ಆವಾಗ ಹಾಗೆ ಆದದ್ದು ಎಂತದರಿಂದ?’

‘ಗೊತ್ತಿಲ್ಲ ಮಗಾ. ಡಾಕ್ಟ್ರಿಗೂ ಗೊತ್ತಿಲ್ಲ.’

‘ಅಜ್ಜಿಗೆ ಗೊತ್ತುಂಟಂತೆ. ನಾನು ಸಣ್ಣದಿರುವಾಗ ಅವರೇ ದಿನಾ ಪ್ಲಾಸ್ಟಿಕ್ ಬಾಟ್ಲಿಗೆ ಬಿಸಿ ಬಿಸಿ ಹಾಲು ಹಾಕಿ ಕೊಟ್ಟದ್ದಂತೆ. ಅದಕ್ಕೇ ಆದದ್ದಂತೆ. ಅವರು ನನಗೆ ಊಟ ಬಡಿಸುವುದೇ ಇಲ್ಲ ಬಾಯಮ್ಮ, ಎರಡನೇ ಕ್ಲಾಸಿನಿಂದ. ನಿನ್ನಮ್ಮ ಕೊಡಲಿ ಅಂತ ಹೇಳ್ತಾರೆ. ನೀವು ಒಮ್ಮೆ ಬಂದು ಅಲ್ಲ ಅಂತ ಹೇಳ್ತೀರಾ? ನೀವು ಹೇಳಿದ್ರೆ ಅವರು ಕೇಳ್ತಾರೆ.’

ತಿಂಗಳು ತಿಂಗಳು ಆ ಹೆಂಗಸು ಬೆಂಚಿನಲ್ಲಿ ಸೆಟೆದು ಕೂತಿದ್ದದ್ದು ನನ್ನ ಮೇಲಿನ ಸಂಶಯದಿಂದಲ್ಲ ಎಂದು ಆಗ ತಿಳಿಯಿತು.

ಮರುದಿನವೇ ವೇಣೂರಿಗೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಂಗಳೂರಿನ ಡಾಕ್ಟರ ಮಾತನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ಹೌದು ಎಂದೂ ಹೇಳಲಾಗದು, ಅಲ್ಲ ಎಂದೂ ಹೇಳಲಾಗದು. ಸೇವೆಯಲ್ಲಿದ್ದಷ್ಟು ಕಾಲ ಡಾಕ್ಟರು ಹೇಳದ್ದನ್ನು ಡಾಕ್ಟರು ಹೇಳಿದರು ಎಂದವಳಲ್ಲ ನಾನು. ಹೊಸದಾಗಿ ಸೇರಿದವರೂ ಹಾಗೆಯೇ ಇರಬೇಕು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳಬೇಕು. ನಾನು ನಿವೃತ್ತಳಾಗಿದ್ದೆ.

ಗಿರಿಜಕ್ಕ ಒಲೆಯ ಮುಂದೆ ಇದ್ದರು. ಮುದುಕಿಯಾಗಿದ್ದರು. ನಾನು ಕೂರಲಿಲ್ಲ, ಚಾ ಕೇಳಲಿಲ್ಲ, ನಿಂತಲ್ಲಿಂದಲೇ ತುಳುವಿನಲ್ಲಿ ಹೇಳಿದೆ: ‘ಗಿರಿಜಕ್ಕ, ಮಗುವಿಗೆ ಆದದ್ದು ನಿಮ್ಮಿಂದ ಅಲ್ಲ.’

‘ಡಾಕ್ಟ್ರು ಹೇಳಿದ್ದಾ?’

‘ಹೌದು.’

ಅವರು ಸೌಟು ಕೆಳಗಿಟ್ಟರು. ಸೆರಗಿನಿಂದ ಮುಖ ಮುಚ್ಚಿಕೊಂಡರು. ಆಮೇಲೆ ಸೆರಗು ತೆಗೆದು, ‘ಅಷ್ಟು ಹೇಳ್ಲಿಕ್ಕೆ ನಿಮಗೆ ಇಷ್ಟು ವರ್ಷ ಬೇಕಾಯ್ತಾ ಬಾಯಮ್ಮ?’ ಎಂದರು.